ಕಳಸಕ್ಕೆ ಬಂದ ಹೊಸ ಸಿ.ಡಿ. ರೈಟರ್

ಮೂಡಿಗೆರೆಗೆ ಮೊದಲು ಸಿ.ಡಿ. ರೈಟರ್ ತಂದವನು ನಾನೇ ಅಂತ ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ನಿಜವೋ ಸುಳ್ಳೋ ಗೊತ್ತಿಲ್ಲ. ಯಾರೂ ಅಲ್ಲ ಅನ್ನಲಿಲ್ಲ, ನನಗೆ ಅಷ್ಟು ಸಾಕಾಗಿತ್ತು. ಗೊಬ್ಬರದ ಅಂಗಡಿಯೊಂದರ ಮಾಳಿಗೆಯಲ್ಲಿ ನನ್ನ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳ ವೀಡಿಯೋ ತೆಗೆದು ಕ್ಯಾಸೆಟ್ ಮಾಡಿ ಕೊಡುತ್ತಿದ್ದವನು, ಜನ ಮನೆಮನೆಗೆ ಸಿ.ಡಿ. ಪ್ಲೇಯರ್ ತರತೊಡಗಿದ ಮೇಲೆ ಒಂದು ಕಂಪ್ಯೂಟರ್ ಕೊಂಡೆ. ಅದರ ಹೊಟ್ಟೆಯೊಳಗೆ ಈ ರೈಟರ್. ಖಾಲಿ ತಟ್ಟೆಯನ್ನು ನುಂಗಿ, ಒಳಗೊಳಗೇ ಗುರುಗುಟ್ಟಿ, ಮದುವೆ ತುಂಬಿದ ತಟ್ಟೆಯನ್ನು ಹೊರಗೆ ಚಾಚುತ್ತಿತ್ತು. ಮೊದಮೊದಲು ಅದನ್ನು ನೋಡಲೆಂದೇ ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಆಗ ನನ್ನ ತಂಗಿಗೆ ಇನ್ನೂ ಮದುವೆಯಾಗಿರಲಿಲ್ಲ. ಕಾಲೇಜು ಮುಗಿಸಿ ಸ್ಟುಡಿಯೋಗೆ ಬಂದು ಕೂರುತ್ತಿದ್ದಳು. ನಾನು ಹೊರಗೆ ಕ್ಯಾಮೆರಾ ಹೊತ್ತು ಅಲೆದು ಬರುವಷ್ಟರಲ್ಲಿ ಅವಳು ಹಿಂದಿನ ಮದುವೆಯನ್ನು ಜೋಡಿಸಿ ಇಟ್ಟಿರುತ್ತಿದ್ದಳು. ಬೇಡದ ಕಡೆ ಕತ್ತರಿಸುವುದು, ವಾಲಗ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಅಂತ ನೋಡುವುದು, ಹೆಸರು ಬರೆಯುವುದು ಎಲ್ಲ ಅವಳದೇ. ರೈಟರಿನ ಸ್ವಭಾವವೂ ಅವಳಿಗೇ ಗೊತ್ತಿದ್ದದ್ದು. ಅದು ಬರೆಯುತ್ತಿರುವಾಗ ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ಮುಟ್ಟುವಂತಿಲ್ಲ, ಕರೆಂಟ್ ಒಂದು ಸಲ ಮಿಣುಕಿದರೆ ಮುಗಿಯಿತು, ತಟ್ಟೆ ಅರ್ಧಕ್ಕೇ ಕೆಟ್ಟುಹೋಗುತ್ತಿತ್ತು. ಹಾಗೆ ಕೆಟ್ಟ ಸಿ.ಡಿ.ಗಳನ್ನು ನನ್ನ ಹೆಂಡತಿ ದಾರಕ್ಕೆ ಪೋಣಿಸಿ ಹಿತ್ತಲಲ್ಲಿ ಮೆಣಸು ಒಣಗಿಸುವ ಕಡೆ ತೂಗುಹಾಕುತ್ತಿದ್ದಳು. ಬಿಸಿಲಿಗೆ ಅವು ಥಳಥಳ ತಿರುಗಿದರೆ ಕಾಗೆ ಹತ್ತಿರ ಬರುವುದಿಲ್ಲ ಎಂದು ಅವಳ ನಂಬಿಕೆ. ಕಾಗೆಗಳೇನೋ ಬರುತ್ತಲೇ ಇದ್ದವು.

ತಂಗಿಗೆ ಗಂಡು ಸಿಕ್ಕಿದ್ದು ಕಳಸದ ಹತ್ತಿರದ ಸಂಸೆಯಲ್ಲಿ. ಸ್ವಲ್ಪ ಕಾಫಿ, ಸ್ವಲ್ಪ ಅಡಿಕೆ ಇದ್ದ ಮನೆ. ಹುಡುಗನಿಗೆ ಫೋಟೋ ಹುಚ್ಚು ಇದೆ ಅಂತ ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನೇ. ಮದುವೆಯಾದ ಮರುವರ್ಷ ಅವರು ಕಳಸದ ಪೇಟೆಯಲ್ಲಿ ಒಂದು ಸ್ಟುಡಿಯೋ ತೆರೆದರು. ಪೂಜೆಯ ದಿನ ನಾನೇ ಹೋಗಿ ದೀಪ ಹಚ್ಚಿ ಬಂದೆ. ಬೋರ್ಡು ಆಗಿನ್ನೂ ಬಂದಿರಲಿಲ್ಲ. ತಂಗಿಯ ಗಂಡ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನೂ ಅವರು ನನ್ನನ್ನೂ ಭಾವ ಅಂತಲೇ ಕರೆಯುತ್ತಿದ್ದೆವು.

ಆಮೇಲೆ ಒಂದು ಬೇಸಿಗೆಯಲ್ಲಿ ದೇವರಮನೆ ಅನ್ನುವ ಊರಿನ ಕಡೆಯ ಒಂದು ತೋಟದ ಮನೆಯಲ್ಲಿ ಮದುವೆ. ಹೆಣ್ಣಿನ ಕಡೆಯವರು ವೀಡಿಯೋಗೆ ನನಗೆ ಹೇಳಿದ್ದರು. ಗಂಡಿನ ಕಡೆಯವರು ಕಳಸದವರು. ದಿಬ್ಬಣದ ಬಸ್ಸಿನಿಂದ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಇಳಿದವರನ್ನು ನೋಡುತ್ತೇನೆ, ನನ್ನ ಭಾವ. ಅವರು ದೂರದಿಂದಲೇ ಕೈ ಎತ್ತಿ ನಕ್ಕರು. ಒಂದೇ ಮದುವೆಗೆ ಎರಡು ಕಡೆಯ ಕ್ಯಾಮೆರಾ ಬರುವುದು ಆಗ ಹೊಸದೇನಲ್ಲ. ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬಾರದ ಹಾಗೆ ಕೆಲಸ ಮಾಡಿ, ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿ, ಅವರವರ ದಾರಿ ಹಿಡಿದೆವು.

ನಾನು ಇನ್ನೂ ಮೊದಲ ಸಿ.ಡಿ. ಜೋಡಿಸುತ್ತಾ ಕೂತಿದ್ದಾಗ ಹೆಣ್ಣಿನ ಅಪ್ಪ ಮೆಟ್ಟಿಲು ಹತ್ತಿ ಬಂದರು. ದೊಡ್ಡ ದನಿಯ, ದೊಡ್ಡ ನಗೆಯ ಮನುಷ್ಯ.

"ಏನ್ ಮಾರಾಯ, ಬೀಗರ ಮನೆಗೆ ಸಿ.ಡಿ. ಆಗ್ಲೇ ಬಂದಾಯ್ತು. ನನ್ನ ಮಗಳ ಮದುವೆನ ನಾನು ಬೀಗರ ಮನೇಲಿ ಕೂತು ನೋಡ್ಬೇಕಾಯ್ತು."

"ಇನ್ನೇನು ಆಗೋಯ್ತು ಸಾರ್. ನಮ್ಮ ರೈಟರ್ ಸ್ವಲ್ಪ ನಿಧಾನ."

"ನಿಧಾನ ಆದ್ರೆ ಬಿಡಿಸಿ ಬೇರೆ ರೈಟರ್ ಇಟ್ಕೋ. ನಮ್ಮ ತೋಟದಲ್ಲಿ ಹಾಗೇ ಮಾಡೋದು."

ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವವನಿಗೆ ರೈಟರ್ ಅನ್ನುತ್ತಾರಲ್ಲ, ಇವರು ಹಾಗೆ ತಿಳಿದುಕೊಂಡಿದ್ದರು. ಮನುಷ್ಯ ಅಲ್ಲ ಸಾರ್, ಯಂತ್ರ ಅಂತ ತೋರಿಸಿದೆ. ಕೆಳಗಿನ ಗೊಬ್ಬರದ ಅಂಗಡಿಗೆ ಕೇಳುವಷ್ಟು ಜೋರಾಗಿ ನಕ್ಕರು.

"ಹಾಗಾದ್ರೆ ಇನ್ನೂ ಸುಲಭ ಅಲ್ವಾ ಮಾರಾಯ? ಇದಕ್ಕೆ ಹೆಂಡ್ತಿ ಮಕ್ಕಳೂ ಇಲ್ಲ!"

ನನಗೆ ನಗು ಬರಲಿಲ್ಲ. ಹೋಗುವಾಗ ಅವರು ಬೀಗರಿಂದ ಇಸಕೊಂಡು ಬಂದಿದ್ದ ಕಳಸದ ಸಿ.ಡಿ.ಗಳನ್ನು ಮೇಜಿನ ಮೇಲೆ ಇಟ್ಟು, "ಒಂದ್ಸಲ ನೋಡು, ಚೆನ್ನಾಗಿ ಮಾಡಿದಾರೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಪ್ಲಾಸ್ಟಿಕ್ ಡಬ್ಬಿಗಳನ್ನು ಮುಟ್ಟಲು ನನಗೆ ಸಂಜೆಯವರೆಗೂ ಮನಸ್ಸಾಗಲಿಲ್ಲ.

ಮನೆಯಲ್ಲಿ ಹೆಂಡತಿಯ ಜೊತೆ ಕೂತು ನೋಡಿದೆ. ತಪ್ಪು ಹುಡುಕಲೆಂದೇ ಕೂತಿದ್ದೆ, ಸಿಕ್ಕಿದ್ದು ಕಡಿಮೆ. ಧಾರೆಯ ನೀರು ಬೀಳುವಾಗ ಎಲ್ಲ ವೀಡಿಯೋದವರೂ ಕೈಗಳನ್ನೇ ತೋರಿಸುತ್ತಾರೆ. ಇದರಲ್ಲಿ ಕೈ ಕಂಡ ಮರುಕ್ಷಣ ಹುಡುಗಿಯ ಅಜ್ಜಿಯ ಮುಖ ಬಂತು. ಅಜ್ಜಿ ಎಲ್ಲೋ ಹಿಂದೆ, ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ವಾಲಗದ ಸದ್ದು ಸಣ್ಣಗಾಗಿ ಮತ್ತೆ ಏರಿತು. ಪಕ್ಕಕ್ಕೆ ತಿರುಗಿದರೆ ನನ್ನ ಹೆಂಡತಿ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ನನ್ನ ಯಾವ ಸಿ.ಡಿ. ನೋಡಿಯೂ ಅವಳು ಅತ್ತವಳಲ್ಲ.

"ಹೊಸ ರೈಟರ್ ಇರ್ಬೇಕು ಅವರ ಹತ್ರ," ಅಂದೆ. "ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ."

"ಏನ್ರೀ, ಅಳು ಬರೋದಕ್ಕೂ ರೈಟರ್‌ಗೂ ಏನ್ರೀ ಸಂಬಂಧ?"

ಸಂಬಂಧ ಇಲ್ಲ ಅಂತ ನನಗೂ ಗೊತ್ತಿತ್ತು. ರೈಟರ್ ಹೊಸದಾದರೆ ಕೆಲಸ ಬೇಗ ಆಗುತ್ತದೆ ಅಷ್ಟೇ, ಚಿತ್ರವೇನೂ ಸುಧಾರಿಸುವುದಿಲ್ಲ. ಆದರೆ ಹೊಟ್ಟೆಕಿಚ್ಚನ್ನು ಭಾವನ ಮೇಲೆ ಇಡುವುದಕ್ಕಿಂತ ಒಂದು ಯಂತ್ರದ ಮೇಲೆ ಇಡುವುದು ಮರ್ಯಾದೆಯ ಕೆಲಸ ಅಂತ ಕಂಡಿತು. ಭಾವನದ್ದಾದರೂ ಎಂಥ ಕೈ ಮಾರಾಯ್ರೇ, ನೆನ್ನೆ ಮೊನ್ನೆ ಕ್ಯಾಮೆರಾ ಹಿಡಿದವರು ಅಜ್ಜಿಯನ್ನು ಹುಡುಕಿಕೊಂಡು ಹೋಗುವಷ್ಟು ಕಲಿತುಬಿಟ್ಟರೇ ಅಂತ ಒಳಗೆ ಉರಿ.

ಅಲ್ಲಿಂದ ಶುರುವಾಯಿತು, ಹಳೆಯದನ್ನು ಇಟ್ಟುಕೊಳ್ಳುವುದೋ ಹೊಸದು ತರುವುದೋ ಅನ್ನುವ ಯೋಚನೆ. ಹಳೆಯದು ಸತ್ತಿರಲಿಲ್ಲ. ನಿಧಾನವಾಗಿ, ಮುನಿಸಿಕೊಂಡು, ನಾಲ್ಕಕ್ಕೆ ಒಂದನ್ನು ಕೆಡಿಸಿಕೊಂಡು ಕೆಲಸ ಮಾಡುತ್ತಲೇ ಇತ್ತು. ಅದನ್ನು ತೆಗೆದರೆ ಕಳಸದವರನ್ನು ನೋಡಿ ತೆಗೆದ ಹಾಗಾಗುತ್ತದೆ, ತೆಗೆಯದಿದ್ದರೆ ಮುಂದಿನ ಮದುವೆಯಲ್ಲೂ ಇದೇ ಮಾತು ಕೇಳಬೇಕಾಗುತ್ತದೆ. ದಿನಾ ಇದನ್ನೇ ಹೇಳಿ ಹೇಳಿ ಹೆಂಡತಿಗೆ ಸಾಕಾಗಿಹೋಯಿತು.

"ತಂಗಿ ಮನೆ ಇದೆಯಲ್ಲ, ಹೋಗಿ ಒಂದ್ಸಲ ಅವರದ್ದು ನೋಡ್ಕೊಂಡು ಬನ್ನಿ. ಇಲ್ಲಿ ನನ್ನ ತಲೆ ತಿನ್ನೋದು ಬಿಡಿ."

ದೇವರಮನೆಯವರ ಸಿ.ಡಿ. ಹೇಗೋ ಮುಗಿಸಿ ಕೊಟ್ಟು, ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಿ ಕಳಸಕ್ಕೆ ಹೋದೆ. ತಂಗಿಗೆ ಇಷ್ಟ ಅಂತ ಒಂದು ಹಲಸಿನ ಹಣ್ಣು ಗೋಣಿಯಲ್ಲಿ ಕಟ್ಟಿಕೊಂಡಿದ್ದೆ, ಅವಳನ್ನು ನೋಡಲೆಂದೇ ಬಂದೆ ಅನ್ನಿಸಲಿ ಅಂತ.

ಅವರ ಸ್ಟುಡಿಯೋ ಮುಂದೆ ನಿಂತು ತಲೆ ಎತ್ತಿದೆ. ಈಗ ಬೋರ್ಡು ಬಂದಿತ್ತು. ದೊಡ್ಡ ಅಕ್ಷರದಲ್ಲಿ ನನ್ನ ತಂಗಿಯ ಹೆಸರು. ಅದರ ಕೆಳಗೆ ಸ್ಟುಡಿಯೋ ಮತ್ತು ವೀಡಿಯೋ ಅಂತ. ಭಾವನ ಹೆಸರು ಎಲ್ಲೂ ಇಲ್ಲ.

ಒಳಗಿಂದ ಬಂದ ಭಾವ ಗೋಣಿ ಇಸಕೊಂಡರು. ನಾನು ನಗೆಮಾತಿಗೆ ಅನ್ನುವ ಹಾಗೆ ಕೇಳಿದೆ, "ಏನ್ ಭಾವ, ಹೆಂಡ್ತಿ ಹೆಸರು ಇಟ್ಟಿದೀರಿ, ಅದೃಷ್ಟಕ್ಕಾ?"

"ಅದೃಷ್ಟಕ್ಕಲ್ಲ ಭಾವ. ಕೆಲಸ ಅವಳದ್ದು, ಹೆಸರೂ ಅವಳದ್ದೇ ಇರ್ಲಿ ಅಂತ. ನಾನು ಬರೀ ಕ್ಯಾಮೆರಾ ಹೊರೋನು. ಎಲ್ಲಿ ಏನು ತೆಗೀಬೇಕು ಅಂತ ಹೊರಡೋ ಮುಂಚೆ ಅವಳೇ ಹೇಳಿ ಕಳಿಸ್ತಾಳೆ. ಮೊನ್ನೆ ದೇವರಮನೆಗೂ ಹಾಗೇ. ಅಜ್ಜಿಯರನ್ನ ಮರೀಬೇಡಿ ಅಂದಿದ್ಲು."

ಒಳಗೆ ಹೋದೆ. ತಂಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಮುಖ ಅರಳಿತು, ಹಲಸಿನ ಹಣ್ಣಿನ ವಾಸನೆ ಹಿಡಿದು ನಕ್ಕಳು. ಆದರೆ ಕೈಯೊಂದು ಮೌಸ್ ಮೇಲೇ ಇತ್ತು. "ಒಂದ್ ನಿಮಿಷ ಅಣ್ಣ, ಇದು ಮುಗೀಲಿ" ಅಂತ ಮತ್ತೆ ಕೂತಳು. ಇದೇ ಹುಡುಗಿ ನನ್ನ ಸ್ಟುಡಿಯೋದ ಮೂಲೆಯಲ್ಲಿ, ಮುರಿದ ಬೆತ್ತದ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ್ದಳು. ಇಲ್ಲಿ ಅವಳಿಗೆ ಕಿಟಕಿ ಪಕ್ಕದ ಮೇಜು, ತಿರುಗುವ ಕುರ್ಚಿ.

ಆಮೇಲೆ ಹೊಸ ರೈಟರ್ ತೋರಿಸಿದಳು. ತೋರಿಸಿದಳು ಅನ್ನುವುದಕ್ಕಿಂತ ಆಡಿಸಿದಳು ಅನ್ನಬೇಕು. ಖಾಲಿ ಸಿ.ಡಿ. ಹಾಕಿ ಗುಂಡಿ ಒತ್ತಿದಳು. ಭಾವ ಪಕ್ಕದ ಹೋಟೆಲಿನಿಂದ ತಂದ ಕಾಫಿ ಇನ್ನೂ ಆರಿರಲಿಲ್ಲ, ತಟ್ಟೆ ಹೊರಗೆ ಬಂತು.

"ನಡುವೆ ಕಂಪ್ಯೂಟರ್ ತಡವರಿಸಿದ್ರೆ ಇದು ಕಾಯುತ್ತೆ ಅಣ್ಣ, ಆಮೇಲೆ ಬಿಟ್ಟಲ್ಲಿಂದ ಬರೀತದೆ. ನಮ್ಮದು ಹಳೇದಾದ್ರೆ ಅಲ್ಲಿಗೆ ಕೆಟ್ಟೇ ಹೋಗೋದು, ನೆನಪಿದ್ಯಾ?"

ನಮ್ಮದು ಅಂದಳು. ಅದೊಂದು ಮಾತು ಹಿತವಾಯಿತು.

"ನೀವೂ ಒಂದು ತಗೊಳ್ಳಿ ಭಾವ," ಅಂದರು ಅವರು. "ಚಿಕ್ಕಮಗಳೂರಲ್ಲಿ ನಮಗೆ ಗುರುತಿನ ಅಂಗಡಿ ಇದೆ. ನಾನೇ ತಂದು ಹಾಕಿಕೊಡ್ತೀನಿ."

ಅವರು ಸೊಕ್ಕಿನ ಮನುಷ್ಯ ಆಗಿದ್ದರೆ ನನಗೆ ಎಷ್ಟು ಅನುಕೂಲ ಆಗುತ್ತಿತ್ತು! ಅಷ್ಟು ಒಳ್ಳೆಯತನ ತೋರಿಸಿದ್ದು ನನಗೆ ಇನ್ನಷ್ಟು ಚುಚ್ಚಿತು. "ಛೆ, ನನ್ನದು ಚೆನ್ನಾಗೇ ಇದೆ ಭಾವ, ಬದಲಾಯಿಸೋ ಯೋಚನೆಯೇ ಇಲ್ಲ," ಅಂದುಬಿಟ್ಟೆ. ತಂಗಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬರೆದ ಸಿ.ಡಿ.ಯನ್ನು ಡಬ್ಬಿಗೆ ಹಾಕಿದಳು. ನಾನು ಯಾವಾಗ ಸುಳ್ಳು ಹೇಳುತ್ತೇನೆ ಅಂತ ಚಿಕ್ಕಂದಿನಿಂದ ಅವಳಿಗೆ ಗೊತ್ತು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬೆಟ್ಟ ನೋಡುತ್ತಾ ಬಂದೆ. ಇಷ್ಟು ದಿನ ಭಾವನ ಮೇಲೆ ಉರಿದುಕೊಂಡಿದ್ದೆನಲ್ಲ, ಅವರು ಈಗ ಆ ಉರಿಯಿಂದ ಜಾರಿ ಹೊರಗೆ ಹೋಗಿದ್ದರು. ಅವರಿಗೆ ಸಿಕ್ಕಿದ್ದು ಏನು ಅಂತ ಗೊತ್ತಾಗಿತ್ತು, ಅದು ನನ್ನ ಸ್ಟುಡಿಯೋದಿಂದ ಹೋದದ್ದು ಅಂತಲೂ ಗೊತ್ತಾಗಿತ್ತು. ತಂಗಿ ಹೋದ ಮೇಲೆ ನನ್ನ ಸಿ.ಡಿ.ಗಳು ಯಾಕೆ ಸಪ್ಪೆಯಾದವು ಅಂತ ಅದುವರೆಗೆ ನಾನು ಕೇಳಿಕೊಂಡಿರಲೇ ಇಲ್ಲ. ಮದುವೆಗಳೇ ಈಗ ಮೊದಲಿನ ಹಾಗಿಲ್ಲ ಅಂದುಕೊಂಡಿದ್ದೆ.

ಮುಂದಿನ ವಾರವೇ ಚಿಕ್ಕಮಗಳೂರಿಗೆ ಹೋದೆ. ಭಾವ ಹೇಳಿದ ಅಂಗಡಿಗೆ ಹೋಗಬಾರದು ಅಂತಲೇ ಬೇರೆ ಅಂಗಡಿ ಹುಡುಕಿದೆ. ಆ ಅಂಗಡಿಯ ಹೆಸರನ್ನು ಮಾತ್ರ ನಾನು ಕೇಳಿಕೊಂಡಿರಲಿಲ್ಲ. ಸಿ.ಡಿ. ರೈಟರ್ ಇಟ್ಟಿದ್ದ ಒಂದು ಅಂಗಡಿ ಕೊನೆಗೆ ಸಿಕ್ಕಿತು. ಮಾತಾಡುತ್ತಾ ಹೋದ ಮೇಲೆ ತಿಳಿಯಿತು, ಅವರು ಹೇಳಿದ್ದು ಇದೇ ಅಂಗಡಿ.

"ಕಳಸದ ಮೇಡಂ ನಿಮ್ಮ ತಂಗಿಯಾ ಸಾರ್?" ಅಂದ ಅಂಗಡಿಯವನು. "ಏನ್ ಪ್ರಶ್ನೆ ಕೇಳ್ತಾರೆ ಸಾರ್ ಅವರು! ನನಗೇ ಗೊತ್ತಿರ್ಲಿಲ್ಲ ಕೆಲವು. ಫೋನ್ ಮಾಡಿ ವಿಚಾರಿಸಿ ಹೇಳಬೇಕಾಯ್ತು."

"ಅವರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಸ್ಪೀಡಿಂದು ಇದೆಯಾ?" ಅಂದೆ.

ಇತ್ತು. ನಿಮ್ಮ ಕಂಪ್ಯೂಟರ್ ಹಳೆಯದು, ಅಷ್ಟು ಸ್ಪೀಡು ಅದಕ್ಕೆ ದಕ್ಕುವುದಿಲ್ಲ, ಕಡಿಮೆಯದು ಸಾಕು ಅಂತ ಅವನು ಪ್ರಾಮಾಣಿಕವಾಗಿಯೇ ಹೇಳಿದ. ನಾನು ಕೇಳಲಿಲ್ಲ. ಜಾಸ್ತಿಯದೇ ಕಟ್ಟಿಸಿಕೊಂಡು ಬಂದೆ. ಅಷ್ಟು ದಿನದ ಯೋಚನೆ ಹೀಗೆ ಒಂದೇ ಮಾತಿನಲ್ಲಿ ತೀರ್ಮಾನವಾಯಿತು.

ಮಾರನೆಯ ದಿನ ಸ್ಟುಡಿಯೋ ಬಾಗಿಲು ಅರ್ಧ ಎಳೆದುಕೊಂಡು, ಕಂಪ್ಯೂಟರ್ ಬಿಚ್ಚಿ, ಹಳೆಯದನ್ನು ಸ್ಕ್ರೂ ತೆಗೆದು ಎಳೆದೆ. ಅದು ಇದ್ದ ಜಾಗದಲ್ಲಿ ಇರುವೆ ಗೂಡು. ಹೊಸದನ್ನು ಕೂರಿಸಿ ಸ್ವಿಚ್ ಹಾಕಿದರೆ ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ತಂತಿ ಬಿಚ್ಚಿ ಹಾಕಿದೆ, ಅದಲು ಬದಲು ಮಾಡಿದೆ, ಊದಿದೆ. ಊಟಕ್ಕೆ ಹೋಗಿ ಬಂದು ಮತ್ತೆ ಮಾಡಿದೆ. ಮಾರನೆಯ ದಿನವೂ ಅದೇ ಹಾಡು. ಕಳಸಕ್ಕೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಬದಲಾಯಿಸುವ ಯೋಚನೆಯೇ ಇಲ್ಲ ಅಂದು ಬಂದವನು ಯಾವ ಬಾಯಲ್ಲಿ ಕೇಳಲಿ?

ಫೋನ್ ಮಾಡಿದವಳು ನನ್ನ ಹೆಂಡತಿ, ನನಗೆ ಹೇಳದೆ. ಆ ಶನಿವಾರ ಬೆಳಗಿನ ಬಸ್ಸಿಗೆ ತಂಗಿ ಬಂದಿಳಿದಳು. ಸೀದಾ ಸ್ಟುಡಿಯೋಗೇ ಬಂದಳು.

"ತವರಿಗೆ ಬಂದು ಬಹಳ ದಿನ ಆಗಿತ್ತು," ಅಂದಳು. ಮೇಜಿನ ಮೇಲೆ ಬಿಚ್ಚಿ ಬಿದ್ದಿದ್ದ ಕಂಪ್ಯೂಟರನ್ನು ನೋಡಿಯೂ ನೋಡದವಳ ಹಾಗೆ ನಿಂತಿದ್ದಳು. ಆಮೇಲೆ ಅವಳಿಗೇ ತಡೆಯಲಾಗಲಿಲ್ಲ. "ಸರಿ ಅಣ್ಣ, ತೋರಿಸು."

ರೈಟರನ್ನು ಹೊರಗೆಳೆದು ಬೆನ್ನು ನೋಡಿದಳು. ಅಲ್ಲಿ ಸೂಜಿಯಂಥ ಕಡ್ಡಿಗಳ ಮೇಲೆ ಒಂದು ಪ್ಲಾಸ್ಟಿಕ್ ಚೂರು ಕೂತಿತ್ತು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಜಡೆಯಿಂದ ಪಿನ್ನು ತೆಗೆದು ಆ ಚೂರನ್ನು ಕಿತ್ತು ಪಕ್ಕದ ಕಡ್ಡಿಗೆ ಸಿಕ್ಕಿಸಿದಳು. ಮತ್ತೆ ಜೋಡಿಸಿ ಸ್ವಿಚ್ ಹಾಕಿದಳು. ಬಂತು. ಎರಡು ದಿನ ನಾನು ಹೆಣಗಾಡಿದ್ದು ಅಷ್ಟಕ್ಕೆ.

ಪೆಟ್ಟಿಗೆಯ ಮೇಲೆ ಬರೆದಿದ್ದ ಸ್ಪೀಡನ್ನು ಓದಿ ನನ್ನ ಕಡೆ ತಿರುಗಿದಳು. "ನಮ್ಮದಕ್ಕಿಂತ ಜಾಸ್ತಿದು ತಂದಿದೀಯ!"

"ಅಂಗಡಿಯವನು ಅದನ್ನೇ ಕೊಟ್ಟ," ಅಂದೆ.

ಅವಳು ನಗು ತಡೆದುಕೊಂಡಳು. ಆ ಇಡೀ ದಿನ ಅಲ್ಲೇ ಕೂತಳು. ಅರ್ಧಕ್ಕೆ ನಿಂತಿದ್ದ ಒಂದು ನಾಮಕರಣವನ್ನು ಇಬ್ಬರೂ ಸೇರಿ ಮುಗಿಸಿದೆವು. ಮಗು ಅಳುವುದನ್ನು ನಾನು ಕತ್ತರಿಸಲು ಹೋದರೆ, "ಇರ್ಲಿ ಅಣ್ಣ, ಆಮೇಲೆ ದೊಡ್ಡವನಾಗಿ ನೋಡಿ ನಗ್ತಾನೆ" ಅಂತ ಕೈ ಹಿಡಿದಳು. ಕೆಳಗಿನಿಂದ ಗೊಬ್ಬರದ ಘಾಟು, ಹೊರಗೆ ಬಸ್ಸುಗಳ ಹಾರ್ನು, ಒಳಗೆ ನಾವಿಬ್ಬರು. ಮೊದಲಿನ ಹಾಗೇ ಇತ್ತು. ಸಂಜೆ ಹೊತ್ತಿಗೆ ನನಗೆ ಧೈರ್ಯ ಬಂತು.

"ವಾರಕ್ಕೆ ಒಂದೆರಡು ದಿನ ಇಲ್ಲಿಗೆ ಬಾರೇ. ಭಾವಂಗೆ ನಾನು ಹೇಳ್ತೀನಿ. ಜೋಡಿಸೋ ಕೆಲಸ ನೀನೇ ನೋಡ್ಕೋ."

ಅವಳು ಸಿ.ಡಿ.ಯ ಮೇಲೆ ಮಗುವಿನ ಹೆಸರು ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿದಳು.

"ಬೇಡ ಅಣ್ಣ. ಇಲ್ಲಿ ಬಂದ್ರೆ ನಾನು ನಿನ್ನ ತಂಗಿ. ಗಿರಾಕಿ ಬಂದ್ರೆ ಕಾಫಿ ತರೋಕೆ ಹೋಗ್ತಿದ್ದೆ. ಅಲ್ಲಿ ನನ್ನನ್ನ ಕೇಳ್ಕೊಂಡು ಬರ್ತಾರೆ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ನಾನು ಏನೋ ಅನ್ನಲು ಹೋದೆ, ಅಷ್ಟರಲ್ಲಿ ಹೆಂಡತಿ ಮನೆಯಿಂದ ಫೋನ್ ಮಾಡಿ ಊಟಕ್ಕೆ ಕರೆದಳು. ಅವತ್ತು ತಂಗಿ ನಮ್ಮಲ್ಲೇ ಉಳಿದು, ಅತ್ತಿಗೆಯ ಜೊತೆ ಹರಟೆ ಹೊಡೆದು, ಬೆಳಿಗ್ಗೆ ಕಡುಬು ತಿಂದು ಊರಿಗೆ ಹೋದಳು.

ಹೊಸ ರೈಟರ್ ಕೆಲಸವೇನೋ ಚೆನ್ನಾಗಿಯೇ ಮಾಡಿತು. ಅಂಗಡಿಯವನು ಹೇಳಿದಂತೆ ಪೂರ್ತಿ ಸ್ಪೀಡು ಒಂದು ದಿನವೂ ಬರಲಿಲ್ಲ. ಆದರೆ ಸಿ.ಡಿ. ಕೆಡುವುದು ನಿಂತಿತು, ಗಿರಾಕಿಗಳ ಗೊಣಗಾಟ ನಿಂತಿತು. ನನ್ನ ಹೊಟ್ಟೆಕಿಚ್ಚು ಮಾತ್ರ ನಿಲ್ಲಲಿಲ್ಲ. ಮೊದಲು ಯಂತ್ರದ ಮೇಲಿತ್ತು, ಆಮೇಲೆ ಭಾವನ ಮೇಲೆ. ಈಗ ಹೇಳಲೂ ನಾಚಿಕೆಯಾಗುವ ಹಾಗೆ ಸ್ವಂತ ತಂಗಿಯ ಮೇಲೆ ಬಂದು ಕೂತಿತ್ತು. ಅವಳನ್ನು ಯಾರಾದರೂ ಹೊಗಳಿದರೆ ಮೊದಲು ಹೆಮ್ಮೆ ಆಗುತ್ತಿತ್ತು, ಅದರ ಹಿಂದೆಯೇ ಒಂದು ಉರಿ. ಎರಡೂ ಒಟ್ಟಿಗೇ ಬರುತ್ತಿದ್ದವು, ಯಾವುದನ್ನೂ ತಡೆಯಲು ನನ್ನಿಂದ ಆಗುತ್ತಿರಲಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ ಅತ್ತಿಗುಂಡಿ ಹತ್ತಿರದ ಎಸ್ಟೇಟಿನಲ್ಲಿ ಒಂದು ಮದುವೆ. ಮತ್ತೆ ಹೆಣ್ಣಿನ ಕಡೆ ನಾನು, ಗಂಡಿನ ಕಡೆ ಕಳಸದವರು. ಈ ಸಲ ಜೀಪಿನಿಂದ ಕ್ಯಾಮೆರಾ ಹಿಡಿದು ಇಳಿದವಳು ತಂಗಿ. ಭಾವ ಲೈಟು, ವೈರು ಹೊತ್ತು ಹಿಂದೆ ಬಂದರು. ಹೆಂಗಸೊಬ್ಬಳು ವೀಡಿಯೋ ತೆಗೆಯುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಮುದುಕರು ಎಲೆಅಡಿಕೆ ಹಾಕುವುದನ್ನೂ ಮರೆತು ನೋಡಿದರು. ಪುರೋಹಿತರು ಒಂದೆರಡು ಸಲ "ಅಮ್ಮ, ಸ್ವಲ್ಪ ಪಕ್ಕಕ್ಕೆ" ಅಂದು, ಅವಳು ತಲೆ ಕೆಡಿಸಿಕೊಳ್ಳದ್ದನ್ನು ಕಂಡು ತಾವೇ ಸರಿದು ಕೂತರು.

ತಾಳಿ ಕಟ್ಟುವ ಹೊತ್ತಿಗೆ ಮಂಟಪದ ಎದುರು ಒಂದೇ ಒಳ್ಳೆಯ ಜಾಗ, ಬಲಗಡೆಯ ಕಂಬದ ಪಕ್ಕ. ಅನುಭವ ಇದ್ದ ನಾನು ಬೇಗನೆ ಹೋಗಿ ಅಲ್ಲಿ ನಿಂತುಬಿಟ್ಟಿದ್ದೆ. ತಂಗಿ ಬಂದು ನೋಡಿದಳು. ಜಾಗ ಕೊಡು ಅಂತ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಅವಳು ಸುತ್ತು ಹಾಕಿ ಒಳಗಿನ ಬಾಗಿಲಿನಿಂದ ಮದುಮಗಳ ಹಿಂದೆ ನಿಂತಿದ್ದ ಹೆಂಗಸರ ಗುಂಪಿನ ನಡುವೆ ನುಗ್ಗಿದಳು. ಗಂಡಸರು ಕ್ಯಾಮೆರಾ ಹಿಡಿದು ಅಲ್ಲಿ ಕಾಲಿಡುವಂತಿಲ್ಲ. ಅವಳಿಗೆ ಯಾರೋ ಜಾಗ ಮಾಡಿಕೊಟ್ಟರು, ಇನ್ಯಾರೋ ಜನ ತಳ್ಳದ ಹಾಗೆ ಸೊಂಟ ಹಿಡಿದುಕೊಂಡರು. ವಾಲಗ ಜೋರಾಯಿತು, ಅಕ್ಷತೆ ಬಿತ್ತು. ನನ್ನ ಕ್ಯಾಮೆರಾದಲ್ಲಿ ಮದುಮಗನ ಬೆನ್ನು, ಮದುಮಗಳ ಬಗ್ಗಿದ ತಲೆ. ತಂಗಿಗೆ ಎದುರೆದುರೇ ಮದುಮಗನ ಮುಖ, ತಾಳಿಯ ಗಂಟಿಗೆ ಬೆರಳು ತಡಕಾಡಿದ್ದು, ಪಕ್ಕದಲ್ಲಿ ನಿಂತ ತಾಯಿಯ ತುಟಿ ಅದುರಿದ್ದು ಎಲ್ಲ ಸಿಕ್ಕಿತು.

ಸಿ.ಡಿ. ತಲುಪಿಸಲು ಹೋದಾಗ ಹುಡುಗಿಯ ತಾಯಿ ಕಾಫಿ ಕೊಟ್ಟು, ನನ್ನದನ್ನು ಚೆನ್ನಾಗಿದೆ ಅಂದರು. ಬೀಗರ ಮನೆಯ ಸಿ.ಡಿ.ಯನ್ನೂ ಅವರು ಅಷ್ಟರಲ್ಲಿ ನೋಡಿ ಆಗಿತ್ತು.

"ಅವರು ನಿಮ್ಮ ಸ್ವಂತ ತಂಗಿ ಅಂತೆ, ಹೌದಾ? ನೀವೇ ಕಲಿಸಿದ್ದಂತೆ ಎಲ್ಲ?"

"ಹಾಗಂತ ಅವಳು ಹೇಳಿದ್ಲಾ?"

"ಹೌದಪ್ಪ, ಎಲ್ಲರ ಹತ್ರಾನೂ ಹೇಳ್ತಿದ್ರು. ಬೇಜಾರು ಮಾಡ್ಕೋಬೇಡಿ, ಮುಂದಿನ ವರ್ಷ ಚಿಕ್ಕ ಮಗಳದ್ದು ಇದೆ. ಹೆಣ್ಣುಮಕ್ಕಳು ಇರೋ ಮನೆ, ಅವರಾದ್ರೆ ಒಳಗೆಲ್ಲ ಓಡಾಡ್ತಾರೆ. ಅವರ ಫೋನ್ ನಂಬರ್ ಒಂಚೂರು ಕೊಡ್ತೀರಾ?"

ಕಾಫಿ ಲೋಟ ಕೆಳಗಿಟ್ಟೆ. ಒಂದು ಅಂಕಿ ತಪ್ಪಾಗಿ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಅನ್ನಿಸಿದ್ದು ನಿಜ. ಸರಿಯಾದ ನಂಬರನ್ನೇ ಹೇಳಿದೆ. ಅವರು ಬರೆದುಕೊಂಡರೋ ಇಲ್ಲವೋ ಅಂತ ಕಾದು, ಇನ್ನೊಂದು ಸಲವೂ ಹೇಳಿದೆ.